ಬಿಳಿ ಫ್ರಾಕಿನ ಜೇಬು

ಹಳೆಯ ಅಂಗಿಯೊಂದನ್ನು ಮೂಗಿಗೆ ಹಿಡಿದು, ಅದನ್ನು ತೊಟ್ಟವನ ವಯಸ್ಸೆಷ್ಟು, ಕಸುಬೇನು, ಹೆಂಡತಿಯ ಜೊತೆ ಕೊನೆಯ ಸಲ ಜಗಳವಾಡಿದ್ದು ಯಾವ ವಿಷಯಕ್ಕೆ ಎಂಬುದನ್ನೆಲ್ಲ ಹೇಳಬಲ್ಲ ಗಂಡಸು ಈ ಭೂಮಂಡಲದಲ್ಲಿ ಒಬ್ಬನೇ ಇದ್ದಾನೆ. ಅವನು ನಾನು. ಒಮ್ಮೆ ಒಂದು ಕಾಲುಚೀಲ ಮೂಸಿ, ಏಳು ಸಮುದ್ರದಾಚೆ ಇರುವ ಅದರ ಯಜಮಾನನಿಗೆ ಸಕ್ಕರೆ ಕಾಯಿಲೆ ಶುರುವಾಗಿದೆಯೆಂದು ಹೇಳಿಕಳಿಸಿದ್ದೆ. ಆ ಮನುಷ್ಯ ಸಿಹಿ ಬಿಟ್ಟು ಬದುಕಿಕೊಂಡ. ಇಂದಿಗೂ ಬೆಳಿಗ್ಗೆ ಎದ್ದ ಕೂಡಲೇ ನನ್ನ ದಿಕ್ಕಿಗೆ ತಿರುಗಿ ಕೈಮುಗಿಯುತ್ತಾನೆ; ಕಾಲುಚೀಲದ ಜೋಡಿಯನ್ನು ಮಾತ್ರ ಇನ್ನೂ ಕಳಿಸಿಲ್ಲ.

ನನ್ನ ಕೆಲಸ ಬಟ್ಟೆ ವಿಂಗಡಿಸುವುದು. ಅಪ್ಪ-ಅಮ್ಮ ಇಲ್ಲದ ಮಕ್ಕಳು, ಇದ್ದರೂ ಹೊಟ್ಟೆಗೆ ಹಾಕಲಾಗದವರ ಮಕ್ಕಳು, ಇಂಥವರಿಗಾಗಿ ಜಗತ್ತಿನ ಎಷ್ಟೋ ದೇಶಗಳಲ್ಲಿ ಕ್ಯಾಂಪು ನಡೆಸುವ ಸಂಸ್ಥೆ ನಮ್ಮದು. ಅಂಥದೊಂದು ಕ್ಯಾಂಪಿನ ಹಿಂಭಾಗದ ತಗಡಿನ ಶೆಡ್ಡು ನನ್ನ ಸಾಮ್ರಾಜ್ಯ. ಒಳ್ಳೆಯ ಮನಸ್ಸಿನ ಜನ ಬೀರು ಖಾಲಿ ಮಾಡಿದಾಗ ಹೊರಬಿದ್ದದ್ದೆಲ್ಲ ಮೂಟೆಯಾಗಿ, ಹಡಗು ಹತ್ತಿ, ಲಾರಿ ಹತ್ತಿ, ಕೊನೆಗೆ ನನ್ನ ಮೇಜು ಹತ್ತುತ್ತದೆ. ಹೈಹೀಲ್ಡ್ ಚಪ್ಪಲಿ ಬರುತ್ತದೆ. ಈಜುಡುಗೆ ಬರುತ್ತದೆ, ನಮ್ಮಲ್ಲೋ ಕುಡಿಯುವ ನೀರಿಗೇ ಟ್ಯಾಂಕರ್ ಕಾಯಬೇಕು. ಒಂದು ಮೂಟೆಯ ತುಂಬ ಬರೀ ನೆಕ್‌ಟೈ ಬಂದಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಗಾದೆಯನ್ನೇ ಯಾರೋ ಪಾರ್ಸೆಲ್ ಮಾಡಿದ ಹಾಗೆ. ನಮ್ಮ ಹುಡುಗರು ಚಡ್ಡಿ ಜಾರದಂತೆ ಅವನ್ನು ಸೊಂಟಕ್ಕೆ ಬಿಗಿದುಕೊಂಡು ಓಡಾಡಿದರು. ದೂರದಿಂದ ನೋಡಿದರೆ ಬ್ಯಾಂಕ್ ಮ್ಯಾನೇಜರುಗಳು ಗೋಲಿ ಆಡುತ್ತಿದ್ದಾರೆ ಅನ್ನಿಸುತ್ತಿತ್ತು.

ಬಂದದ್ದನ್ನು ಮೂರು ರಾಶಿ ಮಾಡಬೇಕು: ತೊಡಬಹುದಾದದ್ದು, ಹೊಲಿದರೆ ತೊಡಬಹುದಾದದ್ದು, ಚಿಂದಿ.

ಅವಳನ್ನು ನಾನು ಮೊದಲು ನೋಡಲಿಲ್ಲ. ಮೂಸಿದೆ.

ಆ ಬೆಳಿಗ್ಗೆ ಮೇಜಿನ ಮೇಲೆ ಒಂದು ಬೂದು ಬಣ್ಣದ ಕೋಟು ಬಿದ್ದಿತ್ತು. ಸುತ್ತ ಮಕ್ಕಳ ಮಹಾಸಭೆ. "ಮಾಮ, ಇದು ಯಾರದ್ದು ಹೇಳು!"

ನಾನು ಕಣ್ಣು ಮುಚ್ಚಿ, ಕಾಲರಿಗೆ ಮೂಗು ತೂರಿಸಿ, ದೀರ್ಘವಾಗಿ ಉಸಿರೆಳೆದೆ. "ಹೆಂಗಸು. ಅರವತ್ತು ದಾಟಿದೆ. ಸಿಟ್ಟು ಮೂಗಿನ ತುದೀಲಿ. ಗಂಡ ಓಡಿಹೋಗಿದ್ದಾನೆ, ಪಾಪ, ಅವನ ತಪ್ಪಲ್ಲ. ಒಂದು ಬೆಕ್ಕಿದೆ. ಅದೂ ಗಂಟುಮೂಟೆ ಕಟ್ತಾ ಇದೆ."

ಮಕ್ಕಳು ಬಿದ್ದು ಬಿದ್ದು ನಕ್ಕವು. ನಾನು ಬಟ್ಟೆಯ ಗಟ್ಟಿತನ ನೋಡಲು ತೋಳು ಹಿಡಿದು ಜಗ್ಗಿದೆ. ಪರ್ರೆಂದು ಹೊಲಿಗೆ ಬಿಟ್ಟಿತು. "ಚಿಂದಿ!" ಎಂದು ಘೋಷಿಸಿ ಮೂಲೆಗೆಸೆದೆ.

"ಓಡಿಹೋಗೋಕೆ ಗಂಡ ಇನ್ನೂ ಸಿಕ್ಕೇ ಇಲ್ಲ," ಎಂದಿತು ಬಾಗಿಲ ಬಳಿಯಿಂದ ಒಂದು ದನಿ. "ಬೆಕ್ಕು ಕಂಡ್ರೆ ನಂಗಾಗಲ್ಲ. ಕೋಟು ನಂದು. ಬಿಚ್ಚಿಟ್ಟು ಕೈ ತೊಳೆಯೋಕೆ ಹೋಗಿದ್ದೆ."

ಅವಳು ಕ್ಯಾಂಪಿಗೆ ಹೊಸದಾಗಿ ಬಂದ ಟೇಲರ್. ಅರವತ್ತನ್ನು ಅರ್ಧ ಮಾಡಿ ಇನ್ನೂ ಸ್ವಲ್ಪ ಕಳೆಯಬೇಕು. ಒದ್ದೆ ಕೈಗಳನ್ನು ಮುಂದೆ ಹಿಡಿದುಕೊಂಡು, ಒರೆಸಿಕೊಳ್ಳಲು ಏನೂ ಸಿಗದೆ ನಿಂತಿದ್ದಳು. ಬೆರಳ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಂಥ ಬೆರಳುಗಳನ್ನು ಕಂಡರೆ ನದಿಗಳೂ ದಾರಿ ತಪ್ಪುತ್ತವೆ. ನಾನು ಯಾವ ಲೆಕ್ಕ!

"ಸಿಟ್ಟು ಮೂಗಿನ ತುದೀಲಿ ಅಂದದ್ದು ಮಾತ್ರ ಸರಿಯಾಗಿದೆ," ಅಂದೆ.

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು, ಹರಿದ ಪ್ಯಾಂಟಿಗೆ ತೇಪೆ ಎಲ್ಲಿ ಹಾಕಬೇಕೆಂದು ನೋಡುವ ಹಾಗೆ. "ಇಷ್ಟೊಂದು ರೀಲು ಬಿಡ್ತೀರಲ್ಲ, ಅದ್ರಲ್ಲಿ ಒಂದೆರಡು ಇಲ್ಲಿ ಕೊಡಿ. ಮೆಷಿನ್ನಿಗೆ ದಾರದ ರೀಲೇ ಇಲ್ಲ."

ಸಭೆ ಕೇಕೆ ಹಾಕಿತು. ಅಂದಿನಿಂದ ಕ್ಯಾಂಪಿನಲ್ಲಿ ನಾನು ರೀಲು ಮಾಮ, ಅವಳು ಟೇಲರಕ್ಕ.

ಅವಳ ಮೆಷಿನ್ನು ನನ್ನ ಮೇಜಿನ ಎದುರಿಗೇ ಇತ್ತು. ಒಂದು ದಿನ ಹರಟೆಯಲ್ಲಿ, ಓಡುವ ರೈಲಿನ ಮೇಲೆ ನಿಂತು, ಕಣ್ಣು ಕಟ್ಟಿಕೊಂಡು, ಸೂಜಿಗೆ ದಾರ ಪೋಣಿಸಿದವನು ನಾನು ಎಂದುಬಿಟ್ಟೆ. ಅವಳು ಸೂಜಿ-ದಾರ ನನ್ನ ಮುಂದೆ ಹಿಡಿದಳು. ಶೆಡ್ಡು ನಿಂತ ಕಡೆ ನಿಂತಿತ್ತು, ಕಣ್ಣು ತೆರೆದಿತ್ತು, ಆದರೂ ದಾರ ಸೂಜಿಯ ಅಕ್ಕಪಕ್ಕದಲ್ಲೆಲ್ಲ ವಾಯುವಿಹಾರ ಮಾಡಿತು.

"ರೈಲು ಇದ್ದಿದ್ರೆ ಆಗ್ತಿತ್ತು," ಅಂದೆ.

"ತರಿಸೋಣ ಬಿಡಿ." ಅವಳು ದಾರದ ತುದಿಯನ್ನು ತುಟಿಯ ನಡುವೆ ಇಟ್ಟು ಒದ್ದೆ ಮಾಡಿ, ಒಂದು ಕಣ್ಣು ಮುಚ್ಚಿ, ಸೂಜಿಯನ್ನು ಬೆಳಕಿಗೆ ಎತ್ತಿದಳು. ಬೆಳಕಿನ ದಿಕ್ಕಿಗೆ ನಾನಿದ್ದೆ. ತೆರೆದಿದ್ದ ಆ ಒಂದು ಕಣ್ಣು ಸೂಜಿಯ ಕಣ್ಣನ್ನು ದಾಟಿ ನನ್ನ ಮೇಲೆ ಬಂದು ನಿಂತಿತು. ದಾರ ಎಂದೋ ಒಳಹೋಗಿತ್ತು. ಕಣ್ಣು ಮಾತ್ರ ಹಿಂದಕ್ಕೆ ಹೋಗಲಿಲ್ಲ. ಶೆಡ್ಡಿನ ತಗಡು ಅಷ್ಟೂ ಕಾದು ಕೆಂಪಾಯಿತು. ಅಂದು ಮೋಡ ಕವಿದಿತ್ತು ಎಂದು ಹೇಳುವವರ ಮಾತು ನಂಬಬೇಡಿ.

ಅವಳಿಗೊಂದು ಹುಚ್ಚಿತ್ತು. ಯಾವ ಬಟ್ಟೆ ರಿಪೇರಿ ಮಾಡಿದರೂ ಅದಕ್ಕೊಂದು ಜೇಬು ಹಚ್ಚುತ್ತಿದ್ದಳು. ಫ್ರಾಕಿಗೆ, ಸ್ವೆಟರಿಗೆ, ಕೂಸುಗಳ ಜುಬ್ಬಕ್ಕೂ.

"ನಡೆಯೋಕೂ ಬಾರದ ಕೂಸು ಜೇಬಲ್ಲಿ ಏನಿಡುತ್ತೆ? ವಿಸಿಟಿಂಗ್ ಕಾರ್ಡಾ?" ಎಂದು ಕೆಣಕಿದೆ.

"ಈ ಮಕ್ಕಳಿಗೆ ಹಾಸಿಗೆ ಕ್ಯಾಂಪಿಂದು, ತಟ್ಟೆ ಕ್ಯಾಂಪಿಂದು, ತಬ್ಬಿಕೊಳ್ಳೋರೂ ಕ್ಯಾಂಪಿನೋರೇ. ನಂದು ಅಂತ ಕೈ ಹಾಕೋಕೆ ಒಂದು ಜಾಗ ಬೇಡ್ವಾ?"

ನಾನು ರೀಲು ಬಿಡದೆ, ಇನ್ನೊಂದು ಕೂಸಿನ ಜುಬ್ಬ ಎತ್ತಿ ಅವಳ ಕಡೆ ಸರಿಸಿದೆ. ಅಂಥದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಆಮೇಲೆ ಗುಬ್ಬಿ ಬಂದಳು. ಊರಿಗೆ ಊರೇ ಮುಳುಗಿಹೋದ ಕಡೆಯಿಂದ ದೋಣಿಯವರು ತಂದುಬಿಟ್ಟ, ಐದಾರು ವರ್ಷದ ಹುಡುಗಿ. ಹೆಸರು ಹೇಳಲಿಲ್ಲ. ಯಾವುದನ್ನೂ ಹೇಳಲಿಲ್ಲ. ಡಾಕ್ಟರು ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿ, "ಗಂಟಲು ಚೆನ್ನಾಗಿದೆ. ಮಾತಾಡೋಕೆ ಅವಳಿಗೆ ಯಾರೂ ಉಳಿದಿಲ್ಲ, ಅಷ್ಟೇ," ಎಂದರು. ಪುಕ್ಕ ಕೆದರಿಕೊಂಡು ಮೂಲೆ ಹುಡುಕುತ್ತಿದ್ದ ಅವಳಿಗೆ ಗುಬ್ಬಿ ಎಂದು ನಾನೇ ಹೆಸರಿಟ್ಟೆ.

ಅವಳು ಹುಡುಕಿಕೊಂಡ ಮೂಲೆ ಹೊಲಿಗೆ ಮೆಷಿನ್ನಿನ ಕೆಳಗಿತ್ತು. ಟೇಲರಕ್ಕನ ಕಾಲು ಪೆಡಲಿನ ಮೇಲೆ ಆಡುತ್ತಿದ್ದರೆ, ಪಕ್ಕದಲ್ಲಿ ಮೊಣಕಾಲಿಗೆ ಗಲ್ಲ ಊರಿ ಕೂತು, ಉದುರಿದ ದಾರದ ತುಂಡುಗಳನ್ನು ಆರಿಸಿ ಜೇಬಿಗೆ ತುಂಬಿಕೊಳ್ಳುತ್ತಿದ್ದಳು. ಮೆಷಿನ್ನು ನಿಂತರೆ ತಲೆಯೆತ್ತಿ ನೋಡುತ್ತಿದ್ದಳು.

"ಇವಳನ್ನ ನಗಿಸ್ತೀನಿ," ಎಂದು ಶಪಥ ಮಾಡಿದೆ. "ಕಲ್ಲಿನ ವಿಗ್ರಹಗಳನ್ನ ನಗಿಸಿ, ಅವುಗಳ ಹಲ್ಲು ಕಾಣೋ ಹಾಗೆ ಮಾಡಿದವನು ನಾನು."

"ನಗಿಸಿ ನೋಡೋಣ." ಟೇಲರಕ್ಕ ತಲೆ ಎತ್ತದೆಯೇ ಹೇಳಿದಳು. "ನಗಿಸಿದ್ರೆ, ನೀವು ಏನು ಕೇಳಿದ್ರೂ ಇಲ್ಲ ಅನ್ನಲ್ಲ."

"ಏನು ಕೇಳಿದ್ರೂ?"

ಮೆಷಿನ್ನು ಒಮ್ಮೆ ನಿಂತು ಮತ್ತೆ ಓಡಿತು. ಅವಳ ಕಿವಿ ಮಾತ್ರ ಕೆಂಪಾಗಿತ್ತು. "ಎರಡು ಸಲ ಹೇಳಿಸಬೇಡಿ."

ನಾನು ಏನು ಕೇಳುತ್ತೇನೆಂದು ಇಡೀ ಕ್ಯಾಂಪಿಗೆ ಗೊತ್ತಿತ್ತು. ಅಡುಗೆಮನೆಯ ಯಜಮಾನಿ ದೊಡ್ಡಮ್ಮ, ತಟ್ಟೆಗೆ ಬಡಿಸುವಾಗಲೆಲ್ಲ "ಗುಬ್ಬಿ ನಕ್ಕಳಾ?" ಎಂದು ಕೇಳುವಳು. ನಾನು ಈಜುಡುಗೆಯನ್ನು ತಲೆಗೆ ಹಾಕಿಕೊಂಡು ಬಂದೆ. ಹೈಹೀಲ್ಡ್ ಚಪ್ಪಲಿಯಲ್ಲಿ ನಡೆದು ಬಿದ್ದೆ. ಮೊದಲ ಸಲ ಬೇಕೆಂದೇ, ಎರಡನೇ ಸಲ ನಿಜವಾಗಿ. ತಿಮಿಂಗಿಲಕ್ಕೆ ಸ್ವೆಟರ್ ಹೊಲಿದ ಕಥೆ ಹೇಳಿದೆ. ಇಡೀ ಕ್ಯಾಂಪು ಹೊಟ್ಟೆ ಹಿಡಿದುಕೊಂಡಿತು. ಗುಬ್ಬಿ ನನ್ನನ್ನು ನೋಡುವಳು, ಆಮೇಲೆ ನೆಲ ನೋಡಿ ಇನ್ನೊಂದು ದಾರದ ತುಂಡು ಎತ್ತಿಕೊಳ್ಳುವಳು.

ಹೀಗಿರುವಾಗ ಒಂದು ಮೂಟೆಯಿಂದ ಮದುವೆ ಗೌನು ಹೊರಬಿತ್ತು. ಬಿಳಿ. ಕೈಯಿಂದ ಜಾರುವಷ್ಟು ನುಣುಪು. ಹಿಂದೆ ನೆಲ ಗುಡಿಸಿಕೊಂಡು ಬರುವ ಮೂರಾಳು ಉದ್ದದ ಬಾಲ. ಅದನ್ನು ಯಾವ ರಾಶಿಗೂ ಹಾಕದೆ ಮೂಟೆಗಳ ಹಿಂದೆ ಬಚ್ಚಿಟ್ಟೆ. ಮಧ್ಯಾಹ್ನ ಊಟದ ಗಂಟೆ ಹೊಡೆದು ಶೆಡ್ಡು ಖಾಲಿಯಾದಾಗ, ಅವಳ ಮುಂದೆ ಹಾವಾಡಿಗನಂತೆ ಎಳೆದು ತೋರಿಸಿದೆ.

"ಆರ್ಡರ್ ಕೊಟ್ಟು ತರಿಸಿದೆ. ನೂರು ಜನ ದರ್ಜಿಗಳು ಕೂತು ಹೊಲಿದದ್ದು. ನಿಮಗೆ ಅಂತ ಹೇಳಿದ್ದಕ್ಕೆ ರೇಷ್ಮೆ ಹುಳಗಳು ತಾವಾಗೇ ಬಂದು ಸಾಲುಗಟ್ಟಿ ನಿಂತ್ವಂತೆ."

ಅವಳು ಗೌನನ್ನು ತಿರುವಿಹಾಕಿ ಸೊಂಟದ ಒಳಗಡೆ ಬೆರಳಾಡಿಸಿದಳು. "ಇಲ್ಲಿ ಎರಡು ಸಲ ಬಿಚ್ಚಿ ದೊಡ್ಡದು ಮಾಡಿದ್ದಾರೆ. ನೂರು ಜನ ದರ್ಜಿಗಳಲ್ಲಿ ಒಬ್ಬನ ಹತ್ರಾನೂ ಟೇಪ್ ಇರ್ಲಿಲ್ವಾ?"

"ಮದುವೆ ಊಟ ಮುಂಚೇನೇ ಶುರುವಾಗಿತ್ತು ಅಂತ ಕಾಣುತ್ತೆ."

ಅವಳು ನಕ್ಕಳು. ಮೊದಲು ತುಟಿ ಕಚ್ಚಿ ತಡೆದಳು. ಆಮೇಲೆ ತಡೆಯಲಾಗದೆ ಗೌನಿನಲ್ಲೇ ಮುಖ ಮುಚ್ಚಿಕೊಂಡಳು. ಮುಖ ಎತ್ತಿದಾಗ ನಗು ಹೋಗಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. "ಗುಬ್ಬಿ ಇನ್ನೂ ನಕ್ಕಿಲ್ಲ," ಎಂದಳು ಮೆಲ್ಲಗೆ. "ನಕ್ಕ ಮೇಲೆ ಕೇಳು."

ಕೇಳಿ ಅಲ್ಲ. ಕೇಳು. ಆ ಒಂದು ಅಕ್ಷರ ಬದಲಾದ ಸದ್ದು ಏಳು ಲೋಕಕ್ಕೂ ಕೇಳಿಸಿರಬೇಕು.

ನಮ್ಮಿಬ್ಬರಿಗೂ ಗೊತ್ತಿರಲಿಲ್ಲ, ಗುಬ್ಬಿ ಊಟಕ್ಕೆ ಹೋಗಿರಲಿಲ್ಲ. ಮೆಷಿನ್ನಿನ ಕೆಳಗಿಂದ ತೆವಳಿ ಬಂದು, ಗೌನಿನ ಬಾಲವನ್ನು ಎರಡೂ ಕೈಯಲ್ಲಿ ಬಾಚಿ, ಅದರೊಳಗೆ ಹೊಕ್ಕು ಮಲಗಿಬಿಟ್ಟಳು. ಎಬ್ಬಿಸಲು ಹೋದರೆ ಬಟ್ಟೆಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಬಂದ ಮೇಲೆ ಅವಳು ಏನನ್ನಾದರೂ ಬೇಕು ಎಂಬಂತೆ ಹಿಡಿದದ್ದು ಅದೊಂದೇ.

"ಇದು ಇವಳಿಗೆ," ಟೇಲರಕ್ಕ ನೆಲದಲ್ಲಿ ಕೂತು ಟೇಪು ತೆಗೆದಳು. "ಒಳ್ಳೇ ಫ್ರಾಕು ಆಗುತ್ತೆ." ಅಳತೆ ಹಿಡಿಯುತ್ತಾ, ನನ್ನ ಕಡೆ ನೋಡದೆ, ಗುಬ್ಬಿಯ ಕಿವಿಗೆ ಹೇಳಿದಳು: "ಬೇಜಾರು ಮಾಡ್ಕೋಬೇಡ ಅಂತ ನಿನ್ನ ಮಾಮಂಗೆ ಹೇಳು. ಇಷ್ಟೊಂದು ಬಟ್ಟೆ ಇದೆ. ಮಿಕ್ಕಿದ್ದರಲ್ಲಿ ನಂಗೂ ಒಂದು ಆಗುತ್ತೆ."

ಆ ಸಂಜೆ ನಾನು ಕ್ಯಾಂಪಿನ ಬೇಲಿಯನ್ನು ಹಾರಿದ್ದು ಎಷ್ಟು ಎತ್ತರಕ್ಕೆಂದರೆ, ಕೆಳಗೆ ಇಳಿಯುವಷ್ಟರಲ್ಲಿ ಹಸಿವಾಗಿತ್ತು.

ಕ್ಯಾಂಪಿಗೆ ಜ್ವರ ಬಂದದ್ದು ಟ್ಯಾಂಕರಿನ ನೀರಿನಿಂದಲೋ, ಗಾಳಿಯಿಂದಲೋ. ಮೊದಲು ಚಿಕ್ಕ ಕೂಸುಗಳ ಕೋಣೆ, ಆಮೇಲೆ ದೊಡ್ಡ ಮಕ್ಕಳು ಮಲಗುವ ಉದ್ದನೆಯ ಹಾಲ್. ಮಂಚ ಸಾಲದೆ ಮಕ್ಕಳು ನೆಲಕ್ಕೆ ಬಂದವು. ಔಷಧಿಯ ಲಾರಿ ಬರುತ್ತಿದೆ, ಬಂದೇಬಿಟ್ಟಿತು, ಗಡಿಯಲ್ಲಿ ನಿಂತಿದೆ, ನಾಳೆ ಬಿಡುತ್ತಾರೆ ಎಂದು ಸುದ್ದಿ ಬರುತ್ತಲೇ ಇತ್ತು. ಸುದ್ದಿ ತಪ್ಪದೆ ಬರುತ್ತಿತ್ತು. ಲಾರಿ ಬರಲಿಲ್ಲ. ಡಾಕ್ಟರು ಒದ್ದೆ ಬಟ್ಟೆ ಕೇಳುತ್ತಿದ್ದರು. ನಾನು ಚಿಂದಿ ರಾಶಿಯನ್ನು ತೋಳುಗಟ್ಟಲೆ ಹೊತ್ತು ಓಡುತ್ತಿದ್ದೆ. ದೊಡ್ಡಮ್ಮ ಬಡಿಸುವಾಗ ಗುಬ್ಬಿಯ ನಗುವಿನ ಮಾತೆತ್ತುವುದನ್ನು ಬಿಟ್ಟಳು. ತಟ್ಟೆಗಳು ಉಳಿಯತೊಡಗಿದ್ದವು.

ಗುಬ್ಬಿಯ ಮೈ ಸುಡಲು ಶುರುವಾದಾಗ ಅವಳು ಯಾರನ್ನೂ ಕರೆಯಲಿಲ್ಲ. ಮೆಷಿನ್ನಿನ ಕೆಳಗೆ ಒರಗಿದ್ದಳು, ಅಷ್ಟೇ. ಎತ್ತಿಕೊಂಡು ಹೋಗಿ ಮಲಗಿಸಿದೆವು. ಅವಳ ಕೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. ಟೇಲರಕ್ಕನಿಗೆ ಕೂಡಲೇ ತಿಳಿಯಿತು. ಗೌನು.

"ಫ್ರಾಕು ಹೆಚ್ಚುಕಮ್ಮಿ ಆಗಿದೆ," ಎಂದಳು. "ಹಾಕಿದ್ರೆ ಸ್ವಲ್ಪ ಚೇತರಿಸಿಕೊಳ್ತಾಳೆ. ನೀನು ಕೂತಿರು ಇಲ್ಲಿ. ಜೇಬೊಂದು ಹಚ್ಚಿ ಬಂದ್ಬಿಡ್ತೀನಿ."

ಬಿಸಿಲು ಕಿಟಕಿಯ ಕಟ್ಟೆಯ ಮೇಲಿತ್ತು. ಅವಳು ಓಡಿದಳು. ನಾನು ಸ್ಟೂಲಿನ ಮೇಲೆ ಕೂತೆ.

ಆಮೇಲೆ ಆದದ್ದು ಹೀಗೆ.

ಸಮುದ್ರದಾಚೆಯಿಂದ ಒಬ್ಬ ಗಂಡ, ಒಬ್ಬ ಹೆಂಡತಿ ಬಂದರು. ಅವನಿಗೆ ಬೇಕರಿ, ಅವನ ಅಂಗಿಯಿಂದ ಹೊಸ ಬ್ರೆಡ್ಡಿನ ಪರಿಮಳ. ಅವಳು ಪಿಟೀಲು ನುಡಿಸುವವಳು. ಮಕ್ಕಳಿಲ್ಲ. ಗುಬ್ಬಿಯನ್ನು ನೋಡಿದ್ದೇ ತಡ, ಇವಳೇ ನಮ್ಮ ಮಗಳು ಎಂದರು. ಜ್ವರ ಅವರನ್ನು ನೋಡಿ ನಾಚಿ ಇಳಿದುಹೋಯಿತು. ಹಿಂದಿನ ಬಯಲಿಗೆ ಹಾಲಿನಷ್ಟು ಬೆಳ್ಳಗಿನ ವಿಮಾನ ಬಂದಿಳಿಯಿತು. ಪೈಲಟ್ಟು ನನ್ನನ್ನೇ ದಾರಿ ಕೇಳಿದ. ಗುಬ್ಬಿ ಬಿಳಿ ಫ್ರಾಕು ತೊಟ್ಟು, ಜೇಬಿನ ತುಂಬ ಬಣ್ಣದ ದಾರ ತುಂಬಿಕೊಂಡು, ಮೆಟ್ಟಿಲು ಹತ್ತಿ, ಬಾಗಿಲಲ್ಲಿ ತಿರುಗಿ ನಿಂತಳು. ನನ್ನನ್ನು ನೋಡಿ ನಕ್ಕಳು. ಆ ನಗುವಿಗೆ ರೆಕ್ಕೆಗಳು ಮಿನುಗಿದವು.

ಮಕ್ಕಳಿಗೆ ಹೀಗೆಂದೇ ಹೇಳಿದೆ. ನಿಮಗೂ ಹೀಗೆಂದೇ ಹೇಳುತ್ತೇನೆ.

ಜ್ವರ ಬಿಟ್ಟು ಎದ್ದ ಮಕ್ಕಳು ಬಡಕಲು ಕಾಲುಗಳಲ್ಲಿ ನನ್ನ ಮೇಜಿನ ಸುತ್ತ ಬಂದು ನಿಲ್ಲುತ್ತಿದ್ದವು. "ಗುಬ್ಬಿ ಈಗ ಏನ್ಮಾಡ್ತಿದ್ದಾಳೆ, ರೀಲು ಮಾಮ?" ಕೇಕಿನ ಮೇಲೆ ಕೆನೆಯಿಂದ ಹೂ ಬರೆಯುತ್ತಿದ್ದಾಳೆ ಎನ್ನುತ್ತಿದ್ದೆ. "ನಾವೆಲ್ಲ ಯಾವಾಗ ಹೋಗ್ತೀವಿ?" ನಾನು ಇನ್ನೊಂದು ಅಂಗಿ ಎತ್ತಿ ಕೊಡವುತ್ತಿದ್ದೆ. ಜ್ವರದಲ್ಲಿ ಹೋದ ಪ್ರತಿಯೊಂದು ಮಗುವಿಗೂ ನಾನು ಒಂದೊಂದು ಮನೆ ಕೊಟ್ಟೆ. ಒಂದಕ್ಕೆ ಕುದುರೆ ಲಾಯ, ಒಂದಕ್ಕೆ ದೀಪಸ್ತಂಭ. ನನ್ನ ಕಥೆಗಳಲ್ಲಿ ಅಷ್ಟು ಜನ ತಂದೆತಾಯಿಗಳು ಹುಟ್ಟಿದರು. ಒಬ್ಬರೂ ಕ್ಯಾಂಪಿನ ಗೇಟಿನವರೆಗೆ ಬರಲಿಲ್ಲ.

ಎದುರಿನ ಮೆಷಿನ್ನು ಸುಮ್ಮನಾಗಿರುತ್ತಿತ್ತು. ಹೊಲಿದರೂ, ಟೇಲರಕ್ಕ ಈಗ ಜೇಬು ಹಚ್ಚುತ್ತಿರಲಿಲ್ಲ. ಕತ್ತರಿಸಿ ಮಿಕ್ಕಿದ್ದ ಗೌನಿನ ಬಟ್ಟೆಯನ್ನು ಗಾಯಕ್ಕೆ ಕಟ್ಟಲೆಂದು ಪಟ್ಟಿ ಪಟ್ಟಿಯಾಗಿ ಹರಿದು ಡಾಕ್ಟರಿಗೆ ಕೊಟ್ಟಳು. ಬಟ್ಟೆ ಹರಿಯುವ ಸದ್ದು ಶೆಡ್ಡಿನ ಈ ತುದಿಯಿಂದ ಆ ತುದಿಗೆ ಹೋಗುತ್ತಿತ್ತು. ನಾನು ಅಡ್ಡ ಬರಲಿಲ್ಲ. ಏನೆಂದು ಬರಲಿ?

ಶೆಡ್ಡು ಖಾಲಿಯಾದಾಗಲೆಲ್ಲ ಅವಳು ಕೇಳುತ್ತಿದ್ದಳು. "ಅವತ್ತು ನೀನು ಹತ್ರ ಇದ್ದೆ. ಏನಾಯ್ತು ಹೇಳು."

"ಪ್ಲೇನ್ ಕಿಟಕಿಯಿಂದ ಕೈ ಬೀಸಿದ್ಲು."

"ನಾನು ಮಗು ಅಲ್ಲ."

"ಮೋಡದ ಹತ್ರ ಹೋದಾಗ ಇನ್ನೊಂದ್ಸಲ ಬೀಸಿದ್ಲು."

ಅವಳು ನನ್ನ ಮುಖವನ್ನು ನೋಡುತ್ತಲೇ ಇರುತ್ತಿದ್ದಳು. ಸೂಜಿಯ ಕಣ್ಣಿನಿಂದ ನೋಡಿದ ಅದೇ ಕಣ್ಣು. ಆಗ ಅದು ನನ್ನನ್ನು ಹುಡುಕಿತ್ತು. ಈಗಲೂ ಹುಡುಕುತ್ತಿತ್ತು, ಆದರೆ ನಾನು ಎಲ್ಲೂ ಸಿಗುತ್ತಿರಲಿಲ್ಲ. ಒಂದು ದಿನ ಕೇಳುವುದನ್ನು ನಿಲ್ಲಿಸಿದಳು. ಊಟದ ಹೊತ್ತಿಗೆ ಬೇರೆ ಬೆಂಚಿನಲ್ಲಿ ಕೂತಳು.

ಸುದ್ದಿ ಕೊಟ್ಟದ್ದು ದೊಡ್ಡಮ್ಮ. ಪಾತ್ರೆ ಉಜ್ಜುತ್ತಿದ್ದವಳು ತಲೆಯೆತ್ತದೆ ಹೇಳಿದಳು: "ನಾಳೆ ಬೆಳಿಗ್ಗೆ ಜೀಪು ಬರುತ್ತೆ. ಟೇಲರಕ್ಕ ಬೇರೆ ದೇಶದ ಕ್ಯಾಂಪಿಗೆ ಹೋಗ್ತಾಳೆ."

"ಹೆಡ್ಡಾಫೀಸಿನೋರು ಹೀಗೆ ಏಕಾಏಕಿ ಕಳಿಸ್ತಾರಾ? ನಾನು ಒಂದು ಮಾತು ಹೇಳಿದ್ರೆ ಸಾಕು, ಅವರೆಲ್ಲ..."

"ಅವಳಾಗೇ ಕೇಳ್ಕೊಂಡಿದ್ದು ಕಣಪ್ಪ." ದೊಡ್ಡಮ್ಮ ಪಾತ್ರೆಯನ್ನು ದಡಕ್ಕನೆ ಬೋರಲು ಹಾಕಿದಳು. "ಉತ್ತರನ ಪೌರುಷ ಒಲೆ ಮುಂದೆ ಅಂತೆ. ನನ್ನ ಮುಂದೆ ಯಾಕೆ ಕೊಚ್ಕೋತೀಯ? ಹೋಗು, ಅವಳ ಮುಂದೆ ಒಂದು ಮಾತು ಸರಿಯಾಗಿ ಆಡು. ಮುತ್ತು ಉದುರಲ್ಲ."

ಬೆಳಿಗ್ಗೆ ಗೇಟಿನ ಹತ್ತಿರ ಜೀಪು ನಿಂತಿತ್ತು. ಡ್ರೈವರು ಬಾನೆಟ್ಟು ತೆಗೆದು ನೀರು ಹಾಕುತ್ತಿದ್ದ. ಅವಳು ಒಳಗೆ ಕೂತಾಗಿತ್ತು. ಮಡಿಲಲ್ಲಿ ಒಂದು ಚೀಲ. ಮೈಮೇಲೆ ಅದೇ ಬೂದು ಕೋಟು. ನಾನು ಹರಿದ ತೋಳನ್ನು ಅವಳು ಸಣ್ಣ ಸಣ್ಣ ಹೊಲಿಗೆಯಲ್ಲಿ ಸರಿಮಾಡಿಕೊಂಡಿದ್ದಳು. ನಾನು ಕೂದಲು ಬಾಚಿ, ನೆಕ್‌ಟೈ ಕಟ್ಟಿಕೊಂಡು ಹೋಗಿದ್ದೆ.

"ನೀನು ಮುಂದೆ ನಡಿ," ಎಂದೆ ಕಿಟಕಿಗೆ ಕೈಯೂರಿ. "ನಂಗೂ ಅಲ್ಲಿಗೇ ಆರ್ಡರ್ ಬರ್ತಾ ಇದೆ. ಹೆಡ್ಡಾಫೀಸಿನೋರು ಕಾಲಿಗೆ ಬಿದ್ದಿದ್ದಾರೆ, ನೀವಿಲ್ದೆ ಆ ಕ್ಯಾಂಪು ನಡೆಯಲ್ಲ ಅಂತ. ನಿನಗಿಂತ ಮುಂಚೆ ಹೋಗಿ ಸ್ಟೇಷನ್ನಲ್ಲಿ ಬ್ಯಾಂಡ್‌ಸೆಟ್ ಇಟ್ಕೊಂಡು ನಿಂತಿರ್ತೀನಿ. ಅಲ್ಲಿ ಒಂದು ಮನೆ ನೋಡಿದ್ದೀನಿ, ಕಿಟಕಿ ತೆಗೆದ್ರೆ..."

"ಗುಬ್ಬಿ ಎಲ್ಲಿದ್ದಾಳೆ?"

"ಗುಬ್ಬಿನಾ? ಅಲ್ಲೀಗ ಬೇಸಿಗೆ ರಜೆ. ಪಿಟೀಲು ಕಲೀತಾ..."

"ಫ್ರಾಕು ಹಾಕಿದ್ದು ನಾನು," ಎಂದಳು. ದನಿ ಏರಲಿಲ್ಲ. "ಕೈ ಬಗ್ಗುತ್ತಿರ್ಲಿಲ್ಲ. ಬೆನ್ನಿನ ಹೊಲಿಗೆ ಅಷ್ಟೂ ಬಿಚ್ಚಿ ಹಾಕಿದೆ. ನೀನು ಕಾಲ ಹತ್ರ ನಿಂತಿದ್ದೆ, ನೋಡ್ತಾ. ನನ್ನ ಮುಂದೆನೂ ಪ್ಲೇನ್ ಹಾರಿಸ್ತೀಯಲ್ಲೋ."

ಬಾಯಿ ತೆರೆದೆ. ಅದರೊಳಗೆ ಸದಾ ತಯಾರಿರುತ್ತಿದ್ದ ಅಷ್ಟೂ ಹಡಗುಗಳು, ತಿಮಿಂಗಿಲಗಳು, ಬೇಕರಿಗಳು ಎಲ್ಲಿ ಹೋದವೋ. ಟೈಯ ಗಂಟಿಗೆ ಕೈ ಹಾಕಿ ಎಳೆದೆ; ಅದು ಇನ್ನೂ ಬಿಗಿಯಾಯಿತು.

"ಬೇಲಿ ಆಚೆ ಇದ್ದಾಳೆ," ಎಂದೆ. "ಮಣ್ಣಲ್ಲಿ. ಪ್ಲೇನ್ ಬರ್ಲಿಲ್ಲ. ಲಾರೀನೇ ಬರ್ಲಿಲ್ಲ, ಪ್ಲೇನ್ ಎಲ್ಲಿಂದ ಬರುತ್ತೆ. ಯಾರೂ ಬರ್ಲಿಲ್ಲ."

ಅವಳು, ಇಷ್ಟು ದಿನ ಒಬ್ಬಳೇ ಹೊತ್ತದ್ದನ್ನು ಕೆಳಗಿಡುವವಳಂತೆ ಚೀಲದ ಮೇಲೆ ಬಾಗಿದಳು. "ನಾನು ಜೇಬು ಹಚ್ತಾ ಕೂತೆ. ಅದೊಂದು ಬಿಟ್ಟಿದ್ರೆ ಅವಳ ಹತ್ರ ಇರ್ತಿದ್ದೆ. ಯಾರ ಹತ್ರ ಹೇಳ್ಕೊಳ್ಳಲಿ ಇದನ್ನ? ನಿನ್ನ ಹತ್ರ ಬಂದ್ರೆ ನೀನು ಕೇಕು, ಮೋಡ ಅಂತೀಯ. ಒಂದೇ ಒಂದು ದಿನ ನನ್ನ ಜೊತೆ ಕೂತು ಅತ್ತಿದ್ರೆ ನಾನು ಈ ಜೀಪು ಕೇಳ್ತಾನೇ ಇರ್ಲಿಲ್ಲ."

"ಇಳಿದುಬಿಡು."

"ಆಗಲ್ಲ. ಅಲ್ಲಿ ಚಳಿ ಶುರುವಾಗಿದೆಯಂತೆ. ಮಕ್ಕಳು ಬರೀ ಮೈಯಲ್ಲಿದ್ದಾರೆ, ಹೊಲಿಯೋರು ಯಾರೂ ಇಲ್ಲ. ಬರ್ತೀನಿ ಅಂತ ಒಪ್ಕೊಂಡಾಗಿದೆ."

"ನನ್ನ ಯಾರೂ ಕರೆದಿಲ್ಲ," ಎಂದೆ. "ಆರ್ಡರೂ ಇಲ್ಲ, ಮನೇನೂ ಇಲ್ಲ. ನೀನಂದ್ರೆ ನಂಗೆ... ಅದೊಂದು ರೀಲಲ್ಲ."

"ಗೊತ್ತು." ಅವಳು ಕಿಟಕಿಯಿಂದ ಕೈ ಚಾಚಿ ನನ್ನ ಟೈಯ ಗಂಟನ್ನು ಸಡಿಲ ಮಾಡಿದಳು. ಬೆರಳುಗಳು ಕುತ್ತಿಗೆಯ ಹತ್ತಿರವೇ ಉಳಿದವು. "ನೀನು ಹೇಳಿದ್ದರಲ್ಲಿ ಅದೊಂದರ ಬಗ್ಗೆ ನಾನು ಯಾವತ್ತೂ ಅನುಮಾನ ಪಟ್ಟಿಲ್ಲ."

ಡ್ರೈವರು ಬಾನೆಟ್ಟು ಮುಚ್ಚಿದ. ಎಂಜಿನ್ ಕೆಮ್ಮಿ ಎದ್ದಿತು.

"ಹೋಗೋ ಮುಂಚೆ ಹೇಳು," ಎಂದಳು ಬೇಗಬೇಗನೆ. "ಗುಬ್ಬಿ ನನ್ನ ಹುಡುಕಿದ್ಲಾ?"

"ಹುಡುಕ್ಲಿಲ್ಲ. ನಿನ್ನ ಮೆಷಿನ್ ಸದ್ದು ಅಲ್ಲಿಗೆ ಕೇಳ್ತಿತ್ತು. ಆ ಕಡೆನೇ ಮುಖ ಮಾಡ್ಕೊಂಡಿದ್ಲು."

"ನಕ್ಳಾ?"

"ಇಲ್ಲ. ಆದ್ರೆ ಮಾತಾಡಿದ್ಲು." ಅವಳ ಕೈ ನನ್ನ ಕೊರಳಪಟ್ಟಿಯನ್ನು ಹಿಡಿದುಕೊಂಡಿತು. "ನಾನು ತಿಮಿಂಗಿಲದ ಕಥೆ ಹೇಳ್ತಿದ್ದೆ. ಎಷ್ಟು ಚೆನ್ನಾಗಿ ಹೇಳ್ತಿದ್ದೆ ಗೊತ್ತಾ, ಕೈ ಕಾಲು ಆಡಿಸ್ಕೊಂಡು. ಅವಳು ಕಣ್ಣು ಬಿಟ್ಟು, ಸುಮ್ನಿರು ಮಾಮ, ಅಂದ್ಲು. ಅಕ್ಕ ಹೊಲೀತಿದ್ದಾಳೆ, ಕೇಳ್ಬೇಕು, ಅಂದ್ಲು. ಇಷ್ಟೇ ಅಂದದ್ದು. ಇದನ್ನ ನಿಂಗೆ ಹೇಳಿದ್ರೆ ಸಾಕಿತ್ತು ಅಂತ ನಂಗೆ ಅವತ್ತೇ ಗೊತ್ತಿತ್ತು. ಬಾಯಿ ಬರ್ಲಿಲ್ಲ."

ಜೀಪು ಕದಲಿತು. ಅವಳು ಕೈ ಬಿಡಲಿಲ್ಲ. ನಾನು ಪಕ್ಕದಲ್ಲೇ ನಡೆದೆ. ಅಳುತ್ತಿದ್ದಳು, ಆದರೆ ಅವಳ ಮುಖದಲ್ಲಿ ಏನೋ ಬಿಚ್ಚಿಕೊಂಡಿತ್ತು.

"ಸುಮ್ಮನಾದ್ಯಾ?" ಎಂದು ಕೇಳಿದಳು. "ಅವಳು ಹೇಳಿದ ಮೇಲೆ?"

"ಇಲ್ಲ," ಎಂದೆ. "ಮಾತಾಡ್ತಾನೇ ಇದ್ದೆ. ಡಾಕ್ಟರು ಬಂದು ಹೆಗಲ ಮೇಲೆ ಕೈ ಇಟ್ಟು, ಸಾಕು ಅನ್ನೋವರೆಗೂ ಮಾತಾಡ್ತಾನೇ ಇದ್ದೆ. ನಿಲ್ಸಿದ್ರೆ ಹೋಗಿಬಿಡ್ತಾಳೆ ಅನ್ನಿಸ್ತು."